ತಾನಾಡದ ಪಂದ್ಯದಲ್ಲಿ ಕಪ್ ಕಳೆದುಕೊಂಡ ಚರ್ಚಿಲ್ ಬ್ರದರ್ಸ್

2025ರ ಏಪ್ರಿಲ್ 6ರಂದು ದೇಶದ ಎರಡನೆಯ ಹಂತದ ಫುಟ್‌ಬಾಲ್ ಲೀಗ್ ಆದ ಐ-ಲೀಗ್‌ನ ಕೊನೆಯ ಸುತ್ತು ಮುಗಿದಾಗ ಅಂಕಪಟ್ಟಿಯ ತುದಿಯಲ್ಲಿದ್ದದ್ದು ಗೋವಾದ ಚರ್ಚಿಲ್ ಬ್ರದರ್ಸ್. 22 ಪಂದ್ಯ, 40 ಅಂಕ. ಅದರ ಬೆನ್ನಿಗೇ ವಾರಾಣಸಿಯ ಇಂಟರ್ ಕಾಶಿ, 39 ಅಂಕ. ಆದರೂ ಅಂದು ಯಾರೂ ಕಪ್ ಎತ್ತಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಚರ್ಚಿಲ್ ಚಾಂಪಿಯನ್ ಎಂದು ಘೋಷಣೆಯಾಯಿತು. ಜುಲೈ 18ಕ್ಕೆ ಆ ಘೋಷಣೆ ಬಿದ್ದುಹೋಗಿ ಇಂಟರ್ ಕಾಶಿ ಚಾಂಪಿಯನ್ ಆಯಿತು, ಅದೂ 42–40ರ ಲೆಕ್ಕದಲ್ಲಿ. ಈ ಮೂರು ತಿಂಗಳಲ್ಲಿ ಎರಡೂ ತಂಡಗಳು ಆ ಲೀಗ್‌ನಲ್ಲಿ ಒಂದು ನಿಮಿಷವೂ ಆಡಿರಲಿಲ್ಲ.

‘ಗೆದ್ದಿದ್ರಲ್ರೀ, ಕಪ್ ಯಾಕ ಕಸ್ಕೊಂಡ್ರು?’ ಗೋವಾದ ವಾಸ್ಕೋ, ಝುವಾರಿನಗರ, ಬೈನಾ ಕಡೆ ಫುಟ್‌ಬಾಲ್ ನೋಡುವ ನಮ್ಮ ಮಂದಿ ಕೇಳುವ ಪ್ರಶ್ನೆ ಇದು. ಪತ್ರಿಕೆಗಳಲ್ಲಿ ತಿಂಗಳಿಗೊಂದು ತೀರ್ಪು, ತೀರ್ಪಿಗೊಂದು ತಡೆಯಾಜ್ಞೆ ಬಂದಿದ್ದರಿಂದ ಗೊಂದಲವಾಗಿದ್ದು ಸಹಜ. ಚುಟುಕಾಗಿ ಹೇಳುವುದಾದರೆ, ಚರ್ಚಿಲ್ ಆ ಕಪ್ ಕಳೆದುಕೊಂಡದ್ದು ತಾನು ಆಡಿದ ಪಂದ್ಯದಲ್ಲಿ ಅಲ್ಲ. ಬೇರೆ ಎರಡು ತಂಡಗಳು ಪಂಜಾಬಿನಲ್ಲಿ ಆಡಿದ ಪಂದ್ಯವೊಂದರ ಆಟಗಾರರ ಪಟ್ಟಿಯಲ್ಲಿ. ಈ ಕ್ಲಬ್ಬಿಗೆ ಇದು ಹೊಸತೂ ಅಲ್ಲ. 2014ರಿಂದ ಈಚೆಗೆ ಅದರ ಹಣೆಬರಹ ತಿರುಗಿದ್ದೆಲ್ಲ ಹೆಚ್ಚಾಗಿ ಕಾಗದದ ಮೇಲೆಯೇ: ಒಮ್ಮೆ ಪರವಾನಗಿ ಕಡತ, ಒಮ್ಮೆ ಅಂಕ ಸಮವಾದಾಗಿನ ಟೈ-ಬ್ರೇಕರ್ ನಿಯಮ, ಈಗ ಆಟಗಾರರ ಅರ್ಹತೆ.

ಭೈಣಿ ಸಾಹಿಬ್‌ನ ಪಂದ್ಯ

2025ರ ಜನವರಿ 13. ಲುಧಿಯಾನ ಜಿಲ್ಲೆಯ ಶ್ರೀ ಭೈಣಿ ಸಾಹಿಬ್‌ನಲ್ಲಿ ನಾಮಧಾರಿ ಎಫ್‌ಸಿ ತನ್ನ ತವರಿನ ಮೈದಾನದಲ್ಲಿ ಇಂಟರ್ ಕಾಶಿಯನ್ನು 2–0ಯಿಂದ ಸೋಲಿಸಿತು. ಮೂರು ಅಂಕ ನಾಮಧಾರಿಗೆ. ಆದರೆ ನಾಮಧಾರಿ ಪರ ಆಡಿದ ಬ್ರೆಜಿಲ್‌ನ ಕ್ಲೆಡ್ಸನ್ ಕಾರ್ವಾಲೊ ಡ ಸಿಲ್ವ ಅಂದು ಆಡಲು ಅರ್ಹನಾಗಿರಲಿಲ್ಲ, ಹಳದಿ ಕಾರ್ಡ್‌ಗಳ ಲೆಕ್ಕದಲ್ಲಿ ಅವನು ಅಮಾನತಿನಲ್ಲಿದ್ದ ಎಂದು ಇಂಟರ್ ಕಾಶಿ ದೂರು ಕೊಟ್ಟಿತು.

ಕಾರ್ಡ್ ಲೆಕ್ಕ ಹೇಗೆ ನಡೆಯುತ್ತದೆ ಎಂಬುದು ಇಲ್ಲಿ ಮುಖ್ಯ. ಒಂದೇ ಪಂದ್ಯದಲ್ಲಿ ಎರಡು ಹಳದಿ ಬಂದರೆ ಕೆಂಪು, ಆಟಗಾರ ಅಲ್ಲೇ ಹೊರಗೆ. ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಬೇರೆ ಬೇರೆ ಪಂದ್ಯಗಳಲ್ಲಿ ಒಂದೊಂದಾಗಿ ಬಿದ್ದ ಹಳದಿ ಕಾರ್ಡ್‌ಗಳು ಕಾಣುವುದಿಲ್ಲ. ಅವು ರೆಫರಿಯ ವರದಿಯಲ್ಲಿ ಸೇರುತ್ತಾ ಹೋಗಿ, ನಿಯಮಾವಳಿಯಲ್ಲಿ ಹೇಳಿದ ಸಂಖ್ಯೆ ಮುಟ್ಟಿದ ಕೂಡಲೇ ಮುಂದಿನ ಪಂದ್ಯಕ್ಕೆ ನಿಷೇಧ ತಾನಾಗಿಯೇ ಬೀಳುತ್ತದೆ. ಇದಕ್ಕೆ ಯಾರೂ ಪ್ರತ್ಯೇಕ ಆದೇಶ ಹೊರಡಿಸಬೇಕಿಲ್ಲ. ಹಾಗಾಗಿ ತನ್ನ ಯಾವ ಆಟಗಾರನಿಗೆ ಎಷ್ಟು ಕಾರ್ಡ್ ಆಗಿದೆ ಎಂದು ಬರೆದಿಟ್ಟುಕೊಳ್ಳುವ ಹೊಣೆ ಫುಟ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಕ್ಲಬ್ಬಿನದೇ. ಪಂದ್ಯದ ದಿನ ತಂಡದ ಮ್ಯಾನೇಜರ್ ಹನ್ನೊಂದು ಮಂದಿಯ ಜೊತೆಗೆ ಬದಲಿ ಆಟಗಾರರ ಹೆಸರನ್ನೂ ಸಲ್ಲಿಸುತ್ತಾನೆ, ಮ್ಯಾಚ್ ಕಮಿಷನರ್ ಗುರುತಿನ ಚೀಟಿ ನೋಡುತ್ತಾನೆ. ಆ ಹಂತದಲ್ಲಿ ಯಾರೂ ತಡೆಯಲಿಲ್ಲ ಎಂದಮಾತ್ರಕ್ಕೆ ಆಟಗಾರ ಅರ್ಹನಾಗಿಬಿಡುವುದಿಲ್ಲ. ‘ಅಧಿಕಾರಿಗಳೇ ಬಿಟ್ಟರಲ್ಲ’ ಎಂಬ ಸಮಜಾಯಿಷಿ ಹೆಚ್ಚು ಹೊತ್ತು ನಿಲ್ಲದಿರುವುದು ಇದೇ ಕಾರಣಕ್ಕೆ.

ಅನರ್ಹ ಆಟಗಾರನನ್ನು ಇಳಿಸಿದರೆ ಶಿಕ್ಷೆ ಏನು? ಅಂತರರಾಷ್ಟ್ರೀಯ ಶಿಸ್ತು ನಿಯಮದಲ್ಲೂ ಭಾರತದಲ್ಲೂ ದಾರಿ ಒಂದೇ: ಇಳಿಸಿದ ತಂಡ ಆ ಪಂದ್ಯವನ್ನು 3–0ಯಿಂದ ಸೋತಂತೆ. ಮೂರು ಗೋಲು ಎಂದು ನಿಗದಿ ಮಾಡಿರುವುದು ಗೋಲು ವ್ಯತ್ಯಾಸದ ಲೆಕ್ಕಕ್ಕೂ ಒಂದು ಸಂಖ್ಯೆ ಬೇಕಲ್ಲ, ಅದಕ್ಕೆ. ಆ ಆಟಗಾರ ಚೆನ್ನಾಗಿ ಆಡಿದನೋ, ಗೋಲು ಹೊಡೆದನೋ, ಬರೀ ಹತ್ತು ನಿಮಿಷ ಇದ್ದನೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಈಗ ಅಂಕಪಟ್ಟಿಗೆ ಬನ್ನಿ. ಈ ಒಂದು ತೀರ್ಪಿನಿಂದ ನಾಮಧಾರಿಯ ಮೂರು ಅಂಕ ಕಳೆದುಹೋಗುತ್ತದೆ, ಇಂಟರ್ ಕಾಶಿಗೆ ಮೂರು ಸೇರುತ್ತದೆ. ಚರ್ಚಿಲ್‌ನ ಖಾತೆಯಲ್ಲಿ ಒಂದಂಕಿಯೂ ಬದಲಾಗುವುದಿಲ್ಲ. ಆದರೂ ಅತಿ ಹೆಚ್ಚು ಪೆಟ್ಟು ಬೀಳುವುದು ಅದಕ್ಕೇ, ಏಕೆಂದರೆ 39 ಇದ್ದದ್ದು 42 ಆಗುತ್ತದೆ. ಕೊನೆಯ ಸುತ್ತಿನ ಹೊತ್ತಿಗೆ ನಾಮಧಾರಿ ಪ್ರಶಸ್ತಿಯ ಓಟದಲ್ಲಿ ಇರಲಿಲ್ಲ.

ಲೀಗ್ ನಡೆಸುವ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಶಿಸ್ತು ಸಮಿತಿ ಇಂಟರ್ ಕಾಶಿಯ ಪರ ತೀರ್ಪಿತ್ತು ಮೂರು ಅಂಕ ಕೊಟ್ಟಿತು. ನಾಮಧಾರಿ ಮೇಲ್ಮನವಿಗೆ ಹೋಯಿತು, ಮೇಲ್ಮನವಿ ಸಮಿತಿ ಆ ಆದೇಶಕ್ಕೆ ತಡೆ ಹಾಕಿತು. ತಡೆ ಇದ್ದಂತೆಯೇ ಲೀಗ್ ಮುಗಿಯಿತು. ಏಪ್ರಿಲ್ 6ರಂದು ಚಾಂಪಿಯನ್ ಯಾರೆಂದು ಯಾರೂ ಹೇಳಲಾಗದೆ ಕುಳಿತದ್ದು ಇದಕ್ಕೆ.

ಆ ಕೊನೆಯ ದಿನದ ಫಲಿತಾಂಶಗಳನ್ನು ಸ್ವಲ್ಪ ನೋಡಬೇಕು. ಚರ್ಚಿಲ್ ಶ್ರೀನಗರದಲ್ಲಿ ರಿಯಲ್ ಕಾಶ್ಮೀರ್ ಜೊತೆ 1–1 ಡ್ರಾ ಮಾಡಿಕೊಂಡಿತು. ಇಂಟರ್ ಕಾಶಿ ರಾಜಸ್ಥಾನ್ ಯುನೈಟೆಡ್ ವಿರುದ್ಧ 3–1 ಗೆದ್ದಿತು. ರೇಸಿನಲ್ಲಿದ್ದ ಗೋಕುಲಂ ಕೇರಳ ತನ್ನ ತವರಿನಲ್ಲೇ 3–4ರಿಂದ ಸೋತಿತು, ಸೋಲಿಸಿದ್ದು ಗೋವಾದ್ದೇ ಆದ ಡೆಂಪೊ. ಶ್ರೀನಗರದಲ್ಲಿ ಚರ್ಚಿಲ್ ಗೆದ್ದಿದ್ದರೆ ಅದಕ್ಕೂ 42 ಆಗುತ್ತಿತ್ತು. ಆಗ ಇಂಟರ್ ಕಾಶಿಗೆ ಆ ಮೂರು ಅಂಕ ಸಿಕ್ಕಿದ್ದರೂ ಪ್ರಶಸ್ತಿ ಇಬ್ಬರ ನಡುವಿನ ಪಂದ್ಯಗಳ ಲೆಕ್ಕಕ್ಕೆ ಹೋಗುತ್ತಿತ್ತು. ‘ಕಾಗದದ ಮೇಲೆ ಸೋತೆವು’ ಎನ್ನುವ ಅಭಿಮಾನಿಗಳು ಶ್ರೀನಗರದಲ್ಲಿ ಕೈಬಿಟ್ಟ ಆ ಎರಡು ಅಂಕಗಳ ವಿಷಯ ಅಷ್ಟಾಗಿ ಎತ್ತುವುದಿಲ್ಲ.

ಏಪ್ರಿಲ್ 18ಕ್ಕೆ ಮೇಲ್ಮನವಿ ಸಮಿತಿ ನಾಮಧಾರಿಯ ಪರವಾಗಿ ತೀರ್ಪಿತ್ತು, ಮೈದಾನದ 2–0 ಹಾಗೆಯೇ ಉಳಿಯಿತು. ಮರುದಿನ ಎಐಎಫ್‌ಎಫ್ ಚರ್ಚಿಲ್ ಅನ್ನು ಚಾಂಪಿಯನ್ ಎಂದಿತು. ಅಷ್ಟರಲ್ಲಿ ಇನ್ನೊಂದು ನಷ್ಟ ಆಗಿಹೋಗಿತ್ತು. ಪ್ರಶಸ್ತಿ ಇತ್ಯರ್ಥವಾಗದ ಸಿಟ್ಟಿನಲ್ಲಿ ಚರ್ಚಿಲ್ ಭುವನೇಶ್ವರದ ಸೂಪರ್ ಕಪ್ ಟೂರ್ನಿಯಿಂದ ಹಿಂದೆ ಸರಿದಿತ್ತು; ಅದರ ಎದುರಾಳಿ ಮೋಹನ್ ಬಾಗಾನ್ ಆಡದೆಯೇ ಮುಂದಿನ ಸುತ್ತಿಗೆ ಹೋಯಿತು.

ಎರಡನೆಯ ಗಂಟು: ಬಾರ್ಕೊ

ಇಷ್ಟೇ ಆಗಿದ್ದರೆ ವಿಷಯ ಸರಳವಿತ್ತು. ಚರ್ಚಿಲ್, ನಾಮಧಾರಿ, ರಿಯಲ್ ಕಾಶ್ಮೀರ್ ಮೂರೂ ಸೇರಿ ಇಂಟರ್ ಕಾಶಿಯ ಮೇಲೆಯೇ ತಿರುಗಿ ದೂರು ಹಾಕಿದವು. ನೀವು ಇಳಿಸಿದ ಸ್ಪೇನ್‌ನ ಮಾರಿಯೊ ಬಾರ್ಕೊ ಕೂಡ ಅನರ್ಹನೇ ಎಂದು.

ಬಾರ್ಕೊ ಕಾರ್ಡ್ ತಿಂದವನಲ್ಲ, ಅವನ ತಕರಾರು ನೋಂದಣಿಯದ್ದು. ವಿದೇಶಿ ಆಟಗಾರರ ವಿಷಯದಲ್ಲಿ ಲೀಗ್ ಮಿತಿ ಇಟ್ಟಿರುತ್ತದೆ: ಒಟ್ಟು ಇಷ್ಟು ಮಂದಿ, ಋತುವಿನ ನಡುವೆ ಇಷ್ಟು ಬದಲಾವಣೆ. ಒಬ್ಬನನ್ನು ತರಬೇಕಾದರೆ ಇನ್ನೊಬ್ಬನ ನೋಂದಣಿ ತೆಗೆಯಬೇಕು. ಬಾರ್ಕೊ ಗಾಯಗೊಂಡಾಗ ಇಂಟರ್ ಕಾಶಿ ಅವನ ಹೆಸರು ತೆಗೆದು ಆ ಜಾಗಕ್ಕೆ ಸರ್ಬಿಯಾದ ಮಾತಿಯ ಬಾಬೊವಿಚ್‌ನನ್ನು ತಂದಿತು. ಬಾರ್ಕೊ ಗುಣವಾದ ಮೇಲೆ ಇನ್ನೊಬ್ಬ ವಿದೇಶಿ ಆಟಗಾರನ ಬದಲಿಗೆ ಅವನನ್ನೇ ಮತ್ತೆ ನೋಂದಾಯಿಸಿತು. ಪ್ರಶ್ನೆ ಇಷ್ಟೇ: ಒಮ್ಮೆ ಹೊರಗೆ ಕಳಿಸಿದ ವಿದೇಶಿಯನ್ನು ಅದೇ ಋತುವಿನಲ್ಲಿ ಅದೇ ಕ್ಲಬ್ಬು ಬದಲಿ ಆಟಗಾರನೆಂದು ವಾಪಸ್ ತರಬಹುದೇ?

ತರಬಾರದು ಎನ್ನುವವರ ತರ್ಕಕ್ಕೂ ಬೆಲೆ ಇದೆ. ಬದಲಾವಣೆಗೆ ಮಿತಿ ಇಟ್ಟಿರುವುದೇ ದುಡ್ಡಿದ್ದ ಕ್ಲಬ್ಬು ಎಂಟು-ಹತ್ತು ವಿದೇಶಿಯರನ್ನು ಇಟ್ಟುಕೊಂಡು ವಾರಕ್ಕೊಬ್ಬನನ್ನು ಒಳಗೆ-ಹೊರಗೆ ಮಾಡಬಾರದು ಎಂದು. ಇನ್ನೊಂದು ಕಡೆ, ಈ ಮರುನೋಂದಣಿಗೆ ಒಪ್ಪಿಗೆ ಕೊಟ್ಟದ್ದು ಎಐಎಫ್‌ಎಫ್‌ನ ವ್ಯವಸ್ಥೆಯೇ. ಅರ್ಜಿ ಹಾಕಿ, ಒಕ್ಕೂಟದ ಮಂಜೂರಾತಿ ಪಡೆದು ಇಳಿಸಿದ ಆಟಗಾರ ತಿಂಗಳುಗಳ ನಂತರ ಅನರ್ಹನಾಗುವುದು ಹೇಗೆ?

ಮೇಲ್ನೋಟಕ್ಕೆ ನಾಮಧಾರಿಯ ಸಮಜಾಯಿಷಿಯೂ ಇದೂ ಒಂದೇ ಎನಿಸಬಹುದು, ಎರಡೂ ಕಡೆ ‘ಅಧಿಕಾರಿಗಳೇ ಬಿಟ್ಟರು’. ವ್ಯತ್ಯಾಸ ದೊಡ್ಡದು. ಕಾರ್ಡ್ ಅಮಾನತಿನಲ್ಲಿ ಒಕ್ಕೂಟ ಯಾವ ಒಪ್ಪಿಗೆಯನ್ನೂ ಕೊಟ್ಟಿರುವುದಿಲ್ಲ, ನಿಷೇಧ ತಾನೇ ಬೀಳುತ್ತದೆ. ನೋಂದಣಿಯಲ್ಲಿ ಕ್ಲಬ್ಬು ಕೇಳಿದೆ, ಒಕ್ಕೂಟ ಹೂಂ ಎಂದಿದೆ. ಇಡೀ ವಿವಾದದಲ್ಲಿ ಹೆಚ್ಚು ಮಂದಿ ಎಡವಿದ್ದು ಈ ಜಾಗದಲ್ಲಿ. ಎರಡೂ ಪ್ರಕರಣಗಳನ್ನು ಒಂದೇ ತಕ್ಕಡಿಗೆ ಹಾಕಿದ್ದರಿಂದ ‘ಒಬ್ಬರಿಗೊಂದು ನ್ಯಾಯ’ ಎಂಬ ಕೂಗು ಎದ್ದಿತು.

ಎಐಎಫ್‌ಎಫ್‌ನ ಮೇಲ್ಮನವಿ ಸಮಿತಿ ಬಾರ್ಕೊ ವಿಷಯದಲ್ಲೂ ಇಂಟರ್ ಕಾಶಿಯ ವಿರುದ್ಧವೇ ಹೋಯಿತು. ಅದು ನಿಂತಿದ್ದರೆ ಮೊದಲ ಪ್ರಕರಣದಲ್ಲಿ ಮೂರು ಅಂಕ ಸಿಕ್ಕರೂ ಇಂಟರ್ ಕಾಶಿಗೆ ಕಪ್ ದಕ್ಕುತ್ತಿರಲಿಲ್ಲ. ಹಾಗಾಗಿ ಅದು ಎರಡು ಬೇರೆ ಬೇರೆ ಮೊಕದ್ದಮೆ ಗೆಲ್ಲಲೇಬೇಕಿತ್ತು. ಚರ್ಚಿಲ್‌ಗೆ ಎರಡರಲ್ಲಿ ಒಂದು ಉಳಿದರೂ ಸಾಕಿತ್ತು.

ಲೂಸಾನ್

ಒಕ್ಕೂಟದೊಳಗಿನ ಮೇಲ್ಮನವಿ ಮುಗಿದ ಮೇಲೆ ಉಳಿಯುವ ಬಾಗಿಲು ಕ್ರೀಡಾ ಪಂಚಾಯಿತಿ ನ್ಯಾಯಾಲಯ, ಎಲ್ಲರೂ ಕ್ಯಾಸ್ ಎನ್ನುವುದು. 1984ರಲ್ಲಿ ಶುರುವಾದ ಇದರ ಕೇಂದ್ರ ಸ್ವಿಟ್ಜರ್ಲೆಂಡಿನ ಲೂಸಾನ್. ಇದು ನಮ್ಮ ಸಿವಿಲ್ ಕೋರ್ಟಿನಂತಲ್ಲ. ಒಕ್ಕೂಟದ ನಿಯಮಾವಳಿಯಲ್ಲೇ ವಿವಾದವನ್ನು ಇಲ್ಲಿಗೆ ಒಯ್ಯಲು ಅವಕಾಶ ಬರೆದಿರುತ್ತಾರೆ, ಆ ಒಪ್ಪಂದದ ಮೇಲೆಯೇ ಇದರ ಅಧಿಕಾರ ನಿಂತಿದೆ. ನಿಯಮಾವಳಿ ಬೇರೆ ಹೇಳದಿದ್ದರೆ ತೀರ್ಪು ಕೈಸೇರಿದ 21 ದಿನದೊಳಗೆ ಮನವಿ ಸಲ್ಲಬೇಕು. ಶುಲ್ಕ, ವಕೀಲರ ಖರ್ಚು ಸ್ವಿಸ್ ಫ್ರಾಂಕ್‌ಗಳಲ್ಲಿ. ಐ-ಲೀಗ್‌ನ ಕ್ಲಬ್ಬುಗಳು ಅಷ್ಟು ದೂರ ಹೋಗದಿರುವುದಕ್ಕೆ ಇದೇ ದೊಡ್ಡ ಕಾರಣ. ಬೆನ್ನಿಗೆ ದುಡ್ಡಿನ ಬಲವಿದ್ದ ಇಂಟರ್ ಕಾಶಿ ಹೋಯಿತು.

ಕ್ಯಾಸ್ ಮೊದಲು ಕೊಟ್ಟದ್ದು ತಾತ್ಕಾಲಿಕ ಆದೇಶ: ತೀರ್ಪು ಬರುವ ತನಕ ವಿಜೇತರನ್ನು ಘೋಷಿಸಬೇಡಿ, ಪದಕ ಸಮಾರಂಭ ಮಾಡಬೇಡಿ. ಏಪ್ರಿಲ್ ಕೊನೆಯ ಭಾನುವಾರ ಅದು ಬಂದ ಹೊತ್ತಿಗೆ ಗೋವಾದಲ್ಲಿ ಸಮಾರಂಭ ಸಿದ್ಧವಾಗಿತ್ತು, ಟ್ರೋಫಿಯನ್ನು ಚರ್ಚಿಲ್‌ಗೆ ಕೊಟ್ಟೂ ಆಯಿತು. ಇದರಲ್ಲಿ ಆಟಗಾರರ ತಪ್ಪು ಏನೂ ಇಲ್ಲ. ಸೈಪ್ರಸ್‌ನ ಕೋಚ್ ದಿಮಿತ್ರಿಸ್ ದಿಮಿತ್ರಿಯು ಕೈಕೆಳಗೆ ಇಡೀ ಋತು ಆಡಿ, ಪಟ್ಟಿಯ ತುದಿಯಲ್ಲಿ ನಿಂತವರು ಅವರು. ವ್ಯಾಜ್ಯ ಬಾಕಿ ಇದೆಯೆಂದು ಗೊತ್ತಿದ್ದೂ ಒಕ್ಕೂಟ ಅವಸರಪಟ್ಟದ್ದು ಮಾತ್ರ ಯಾವ ರೀತಿಯಲ್ಲೂ ಒಪ್ಪುವಂಥದ್ದಲ್ಲ.

ಜೂನ್ 17ರಂದು ಮೊದಲ ತೀರ್ಪು: ನಾಮಧಾರಿ ಪಂದ್ಯ ಇಂಟರ್ ಕಾಶಿಗೆ 3–0. ಜುಲೈ 18ರಂದು ಎರಡನೆಯದು: ಬಾರ್ಕೊ ವಿಷಯದಲ್ಲೂ ಇಂಟರ್ ಕಾಶಿಯ ಮನವಿ ಪುರಸ್ಕೃತ, ಎಐಎಫ್‌ಎಫ್ ಕೂಡಲೇ ಅದನ್ನು ವಿಜೇತ ಎಂದು ಘೋಷಿಸಬೇಕು. ಖರ್ಚಿನ ಹಂಚಿಕೆ ನೋಡಿದರೆ ತಪ್ಪಿನ ಪಾಲು ಎಲ್ಲಿದೆಯೆಂದು ಕ್ಯಾಸ್ ಎಣಿಸಿತು ಎಂಬುದು ತಿಳಿಯುತ್ತದೆ: ಮಧ್ಯಸ್ಥಿಕೆಯ ವೆಚ್ಚದಲ್ಲಿ 55 ಶೇಕಡಾ ಎಐಎಫ್‌ಎಫ್‌ಗೆ, ಚರ್ಚಿಲ್, ನಾಮಧಾರಿ, ರಿಯಲ್ ಕಾಶ್ಮೀರ್‌ಗೆ ತಲಾ 15.

ಇದಾದ ಮೇಲೂ ಸ್ವಿಟ್ಜರ್ಲೆಂಡಿನ ಫೆಡರಲ್ ಕೋರ್ಟಿಗೆ ಹೋಗಬಹುದು, ಆದರೆ ಅಲ್ಲಿ ಕೇಳುವುದು ಹೆಚ್ಚಾಗಿ ವಿಚಾರಣೆಯ ಕ್ರಮದಲ್ಲಿ ಲೋಪವಾಗಿದೆಯೇ ಎಂದು. ಬಾರ್ಕೊ ಅರ್ಹನೋ ಅಲ್ಲವೋ ಎಂಬ ಚರ್ಚೆ ಅಲ್ಲಿ ಮತ್ತೆ ತೆರೆಯುವುದಿಲ್ಲ.

ಚರ್ಚಿಲ್‌ಗೆ ಅನ್ಯಾಯವಾಯಿತೇ? ಅರ್ಧ ಆಯಿತು. ಪಾಯಿಂಟಿನ ಲೆಕ್ಕದಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಆದರೆ ಜನವರಿ 13ರ ಪಂದ್ಯದ ಫಲಿತಾಂಶ ಫೆಬ್ರವರಿಯಲ್ಲೇ ಪಕ್ಕಾ ಆಗಿದ್ದರೆ, ಕೊನೆಯ ಸುತ್ತುಗಳಿಗೆ ಎಲ್ಲ ತಂಡಗಳೂ ನಿಜವಾದ ಅಂಕ ಇಟ್ಟುಕೊಂಡು ಇಳಿಯುತ್ತಿದ್ದವು. ಶ್ರೀನಗರದಲ್ಲಿ ಒಂದು ಡ್ರಾ ಸಾಕು ಎಂದುಕೊಂಡು ಆಡುವ ತಂಡ ಬೇರೆ, ಗೆಲ್ಲಲೇಬೇಕು ಎಂದು ಆಡುವ ತಂಡ ಬೇರೆ. ಫುಟ್‌ಬಾಲ್‌ನಲ್ಲಿ ತಡವಾದ ತೀರ್ಪು ಅಂಕವನ್ನಷ್ಟೇ ಅಲ್ಲ, ಆಡುವ ರೀತಿಯನ್ನೂ ಕೆಡಿಸುತ್ತದೆ.

ಕಪ್ಪಿಗಿಂತ ದೊಡ್ಡದು ಬಡ್ತಿ. 2022–23ರಿಂದ ಐ-ಲೀಗ್ ಗೆದ್ದವರಿಗೆ ದೇಶದ ಮೇಲಿನ ಹಂತದ ಲೀಗ್ ಆದ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಏರುವ ಹಕ್ಕು ಬಂತು. ಆ ದಾರಿಯಲ್ಲಿ ಮೊದಲು ಪಂಜಾಬ್ ಎಫ್‌ಸಿ ಹೋಯಿತು, ಮರುವರ್ಷ ಕೋಲ್ಕತ್ತಾದ ಮೊಹಮ್ಮಡನ್. ಮೂರನೆಯ ಸೀಟು ಚರ್ಚಿಲ್ ಕೈಯಿಂದ ಜಾರಿ ಇಂಟರ್ ಕಾಶಿಗೆ ಹೋಯಿತು. ಹಾಗೆ ನೋಡಿದರೆ ಕ್ಯಾಸ್ ತೀರ್ಪು ಬರುವ ಒಂದು ವಾರ ಮುಂಚೆ, ಜುಲೈ 11ರಂದು, ಒಕ್ಕೂಟದ ಜೊತೆಗಿನ ಒಪ್ಪಂದ ಮುಗಿಯುತ್ತಾ ಬಂತೆಂದು ಐಎಸ್‌ಎಲ್ ಅನ್ನೇ ಅದರ ಸಂಘಟಕರು ತಡೆಹಿಡಿದಿದ್ದರು. ಯಾವ ಲೀಗ್‌ಗೆ ಏರಲು ಆರು ತಿಂಗಳು ಬಡಿದಾಡಿದರೋ ಅದೇ ನಡೆಯುತ್ತದೋ ಇಲ್ಲವೋ ಎಂಬ ಸ್ಥಿತಿ.

ಸಮನಾದ ಅಂಕ, ಸಮವಲ್ಲದ ಫಲ

2020–21ರಲ್ಲೂ ಚರ್ಚಿಲ್ ಕಪ್ಪಿನ ಅಂಚಿಗೆ ಬಂದಿತ್ತು. ಕೋವಿಡ್ ಕಾಲ, ಎಲ್ಲ ಪಂದ್ಯ ಬಂಗಾಳದಲ್ಲಿ. 2021ರ ಮಾರ್ಚ್ 27, ಕೊನೆಯ ದಿನ. ಚರ್ಚಿಲ್, ಗೋಕುಲಂ, ಮಣಿಪುರದ ಟ್ರಾವ್ ಮೂವರದೂ 26 ಅಂಕ. ಚರ್ಚಿಲ್ ಪಂಜಾಬ್ ಅನ್ನು 3–2ರಿಂದ ಸೋಲಿಸಿತು. ಇನ್ನೊಂದು ಪಂದ್ಯದಲ್ಲಿ ಟ್ರಾವ್ ಒಂದು ಗೋಲಿನಿಂದ ಮುಂದಿತ್ತು, ಕೊನೆಯ ಇಪ್ಪತ್ತು ನಿಮಿಷದಲ್ಲಿ ಗೋಕುಲಂ ನಾಲ್ಕು ಹೊಡೆದು 4–1 ಮಾಡಿತು. ಇಬ್ಬರಿಗೂ 29.

ಅಂಕ ಸಮವಾದಾಗ ಮೊದಲು ಒಟ್ಟು ಗೋಲು ವ್ಯತ್ಯಾಸ ನೋಡುವ ಲೀಗ್‌ಗಳಿವೆ, ಇಂಗ್ಲೆಂಡಿನದು ಹಾಗೆ. ಐ-ಲೀಗ್ ಮೊದಲು ನೋಡುತ್ತಿದ್ದದ್ದು ಆ ಎರಡು ತಂಡಗಳು ತಮ್ಮ ತಮ್ಮಲ್ಲಿ ಆಡಿದ ಪಂದ್ಯಗಳನ್ನು. ಆ ಲೆಕ್ಕದಲ್ಲಿ ಗೋಕುಲಂ ಮೇಲಾಯಿತು. ಇದರಲ್ಲಿ ವಿವಾದ ಮಾಡುವಂಥದ್ದು ಏನಿಲ್ಲ, ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು. ಆದರೆ ಟಿವಿ ಪರದೆಯ ಪಟ್ಟಿಯಲ್ಲಿ ಗೋಲು ವ್ಯತ್ಯಾಸದ ಕಾಲಂ ನೋಡುತ್ತಾ ಕೂತ ಬಹಳ ಮಂದಿಗೆ ತಾವು ತಪ್ಪು ಕಾಲಂ ನೋಡುತ್ತಿದ್ದೇವೆಂದು ತಿಳಿದದ್ದು ಕಡೆಗೆ.

2014: ಕಪ್ ಗೆದ್ದ ವರ್ಷವೇ ಹೊರಗೆ

1988ರಲ್ಲಿ ಶುರುವಾದ ಚರ್ಚಿಲ್ ಬ್ರದರ್ಸ್ ದಕ್ಷಿಣ ಗೋವಾದ ಸಾಸಷ್ಟಿಯ ಕ್ಲಬ್ಬು, ರಾಜಕಾರಣಿ ಚರ್ಚಿಲ್ ಆಲೆಮಾವ್ ಕುಟುಂಬದ್ದು. ಗೋವಾದ ಉಳಿದ ದೊಡ್ಡ ಕ್ಲಬ್ಬುಗಳಾದ ಡೆಂಪೊ, ಸಾಲ್ಗಾಂವ್ಕರ್ ಹಿಂದೆ ಗಣಿ ಮತ್ತು ಹಡಗು ಉದ್ಯಮದ ಮನೆತನಗಳಿದ್ದವು. ಚರ್ಚಿಲ್‌ನ ಹಿಂದೆ ಒಂದು ಕುಟುಂಬ, ಅದರ ಊರು, ಅದರ ಮತದಾರರು. 2008–09ರಲ್ಲಿ ಒಡಾಫಾ ಒಕೋಲಿಯ ಗೋಲುಗಳ ಬಲದಿಂದ ಮೊದಲ ಐ-ಲೀಗ್ ಬಂತು. 2012–13ರಲ್ಲಿ ಎರಡನೆಯದು; ಸುಭಾಷ್ ಭೌಮಿಕ್ ತಾಂತ್ರಿಕ ನಿರ್ದೇಶಕ, ಮರಿಯಾನೊ ಡಯಾಸ್ ಕೋಚ್, ಋತುವಿನ ನಡುವೆ ಪೋರ್ಚುಗಲ್‌ನಿಂದ ಎರವಲು ಬಂದ ಸುನಿಲ್ ಛೆಟ್ರಿ. ಆ ವರ್ಷ ಎರಡನೆಯ ಸ್ಥಾನದಲ್ಲಿದ್ದದ್ದು ಪುಣೆ ಎಫ್‌ಸಿ. 2014ರ ಜನವರಿಯಲ್ಲಿ ಕೊಚ್ಚಿಯಲ್ಲಿ ಸ್ಪೋರ್ಟಿಂಗ್ ಕ್ಲಬ್ ದ ಗೋವಾವನ್ನು 3–1ರಿಂದ ಸೋಲಿಸಿ ಫೆಡರೇಷನ್ ಕಪ್ಪನ್ನೂ ತಂದಿತು.

ಅದೇ ವರ್ಷ ಪರವಾನಗಿ ಸಿಗಲಿಲ್ಲ. ಶಿಲ್ಲಾಂಗ್‌ನ ರಂಗ್ದಾಜಿಯೆಡ್ ಯುನೈಟೆಡ್, ಕೋಲ್ಕತ್ತಾದ ಯುನೈಟೆಡ್ ಎಸ್‌ಸಿ ಜೊತೆ ಚರ್ಚಿಲ್ ಕೂಡ 2014–15ರ ಐ-ಲೀಗ್‌ನಿಂದ ಹೊರಬಿತ್ತು.

ಕ್ಲಬ್ ಪರವಾನಗಿ ಎಂದರೆ ಏಷ್ಯಾದ ಫುಟ್‌ಬಾಲ್ ಒಕ್ಕೂಟ ಹಾಕಿಕೊಟ್ಟ ಚೌಕಟ್ಟು, ಪ್ರತಿ ವರ್ಷ ಹೊಸದಾಗಿ ಪಡೆಯಬೇಕು. ಐದು ವಿಭಾಗ: ಕ್ರೀಡೆ, ಮೂಲಸೌಕರ್ಯ, ಸಿಬ್ಬಂದಿ-ಆಡಳಿತ, ಕಾನೂನು, ಹಣಕಾಸು. ಕ್ರೀಡಾ ವಿಭಾಗದಲ್ಲಿ ಕಿರಿಯರ ತಂಡಗಳು ಬೇಕು. ಮೂಲಸೌಕರ್ಯಕ್ಕೆ ಸ್ವಂತ ಮೈದಾನ ಇರಲೇಬೇಕೆಂದಿಲ್ಲ, ಬಳಸಲು ಬರಹದಲ್ಲಿ ಒಪ್ಪಂದ ಸಾಕು. ಸಿಬ್ಬಂದಿ ವಿಭಾಗದಲ್ಲಿ ಕೋಚ್‌ಗಳಿಗೆ ತಕ್ಕ ದರ್ಜೆಯ ಲೈಸೆನ್ಸ್, ವೈದ್ಯ, ಹಣಕಾಸು ಅಧಿಕಾರಿ. ಕಾನೂನಿನಲ್ಲಿ ಕ್ಲಬ್ಬಿನ ಒಡೆತನ ಯಾರದು ಎಂಬ ಘೋಷಣೆ. ಎಲ್ಲಕ್ಕಿಂತ ಕಠಿಣವಾದದ್ದು ಹಣಕಾಸು: ಲೆಕ್ಕಪರಿಶೋಧನೆಯಾದ ಖಾತೆ, ಆಟಗಾರರಿಗೂ ಬೇರೆ ಕ್ಲಬ್ಬುಗಳಿಗೂ ತೆರಿಗೆ ಇಲಾಖೆಗೂ ಅವಧಿ ಮೀರಿದ ಬಾಕಿ ಇಲ್ಲವೆಂಬ ದಾಖಲೆ.

ಪ್ರತಿ ಷರತ್ತಿಗೂ ದರ್ಜೆ ಇರುತ್ತದೆ. ಎ ದರ್ಜೆಯದು ಒಂದು ತಪ್ಪಿದರೂ ಪರವಾನಗಿ ಇಲ್ಲ. ಬಿ ದರ್ಜೆಯದು ತಪ್ಪಿದರೆ ದಂಡ ಬೀಳಬಹುದು, ಪರವಾನಗಿ ಉಳಿಯುತ್ತದೆ. ಸಿ ಇದ್ದರೆ ಒಳ್ಳೆಯದು ಅಷ್ಟೆ. ಒಂದು ಸಮಿತಿ ನಿರ್ಧರಿಸುತ್ತದೆ, ಇನ್ನೊಂದು ಮೇಲ್ಮನವಿ ಕೇಳುತ್ತದೆ. ಕುಟುಂಬವೊಂದು ನಡೆಸುವ ಕ್ಲಬ್ಬು ಇಂಥಲ್ಲಿ ತಡವರಿಸುವುದು ಏಕೆಂದು ಊಹಿಸುವುದು ಕಷ್ಟವಲ್ಲ. ಮನೆ ಖರ್ಚಿನಂತೆ ನಡೆದ ಲೆಕ್ಕವನ್ನು ಕಂಪನಿಯ ಲೆಕ್ಕದಂತೆ ತೋರಿಸಬೇಕು. ಬಾಯಿಮಾತಿನಲ್ಲಿ ಆದ ಮೈದಾನದ ಏರ್ಪಾಡಿಗೆ ಸಹಿ, ಮೊಹರು ತರಬೇಕು. ಆಟಗಾರನಿಗೆ ದುಡ್ಡು ಸಂದಿದ್ದರೂ ರಸೀದಿ ಇಲ್ಲದಿದ್ದರೆ ಸಂದಂತಲ್ಲ. ಗೋವಾದಲ್ಲಿ ಅಂದು ಬಹಳ ಜನ ‘ಎರಡು ಸಲ ಲೀಗ್ ಗೆದ್ದ ಕ್ಲಬ್ಬನ್ನು ಕಾಗದಕ್ಕಾಗಿ ಹೊರಗಿಟ್ಟರು’ ಎಂದು ಕೂಗಾಡಿದರು. ಸಂಬಳ ನಿಂತಾಗ ಆಟಗಾರನನ್ನು ಕಾಯುವುದು ಅದೇ ಕಾಗದ ಎಂಬುದು ಅಷ್ಟೇ ನಿಜ. 2014ರ ತಿರುವಿನಲ್ಲಿ ತಪ್ಪು ಹೊರಗಿನದಲ್ಲ, ಒಳಗಿನದೇ ಹೆಚ್ಚು.

2016: ಮೂವರು ಹೊರಟರು, ಒಬ್ಬರು ಒಳಗೆ ಬಂದರು

ಹಾಗಾದರೆ ಹೊರಬಿದ್ದ ಕ್ಲಬ್ಬು ವಾಪಸ್ ಬಂದದ್ದು ಹೇಗೆ? ಉಳಿದ ಗೋವಾ ಕ್ಲಬ್ಬುಗಳು ಸಿಟ್ಟಿನಿಂದ ಎದ್ದುಹೋದದ್ದರಿಂದ.

2016ರ ಮೇ ತಿಂಗಳಲ್ಲಿ ಎಐಎಫ್‌ಎಫ್ ಮತ್ತು ಅದರ ವಾಣಿಜ್ಯ ಪಾಲುದಾರರು ಹೊಸ ರಚನೆ ಮುಂದಿಟ್ಟರು: ಐಎಸ್‌ಎಲ್ ಮೇಲಿನ ಲೀಗ್, ಐ-ಲೀಗ್ ಹೆಸರು ಬದಲಾಗಿ ಅದರ ಕೆಳಗೆ, ಎರಡರ ನಡುವೆ ಬಡ್ತಿಯೂ ಇಲ್ಲ, ಹಿಂಬಡ್ತಿಯೂ ಇಲ್ಲ. ಅಂದರೆ ಐ-ಲೀಗ್ ಎಷ್ಟು ಸಲ ಗೆದ್ದರೂ ಮೇಲೇರುವ ಬಾಗಿಲು ಮುಚ್ಚಿದೆ. ಮೇಲೆ ಹೋಗಬೇಕೆಂದರೆ ಕೋಟಿಗಟ್ಟಲೆ ಫ್ರಾಂಚೈಸಿ ಶುಲ್ಕ. ಜೂನ್‌ನಲ್ಲಿ ವಾಸ್ಕೋದ ಸಾಲ್ಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್ ದ ಗೋವಾ ಐ-ಲೀಗ್ ಬಿಟ್ಟವು. ಡೆಂಪೊ 2015ರಲ್ಲಿ ಎರಡನೆಯ ಹಂತಕ್ಕೆ ಬಿದ್ದು, ಒಂದೇ ವರ್ಷದಲ್ಲಿ ಅದನ್ನು ಗೆದ್ದು ಬಡ್ತಿ ಪಡೆದಿತ್ತು. ಆ ಬಡ್ತಿಯನ್ನೂ ಬಿಟ್ಟು ಹೊರನಡೆಯಿತು. ರಾಷ್ಟ್ರೀಯ ಲೀಗ್ ಐದು ಸಲ ಗೆದ್ದ ಕ್ಲಬ್ಬು ಅದು.

ಈ ನಿರ್ಧಾರ ಸರಿಯೇ ಎಂಬ ವಾದ ಗೋವಾದಲ್ಲಿ ಇನ್ನೂ ಮುಗಿದಿಲ್ಲ. ಬಿಟ್ಟವರ ಪರ ಇರುವವರು ಹೇಳುವುದು: ಮೇಲೇರುವ ದಾರಿ ಇಲ್ಲದ ಲೀಗ್‌ಗೆ ವರ್ಷಕ್ಕೆ ಕೋಟಿಗಳನ್ನು ಸುರಿಯುವುದಕ್ಕಿಂತ ಕಿರಿಯರ ಅಕಾಡೆಮಿಗೆ ಹಾಕುವುದು ಮೇಲು. ವಿರುದ್ಧ ಇರುವವರು ಎತ್ತಿ ತೋರುವ ಸಂಗತಿ ಚುರುಕಾದದ್ದು: ಡೆಂಪೊ, ಸಾಲ್ಗಾಂವ್ಕರ್ ಎರಡರ ಒಡೆಯರೂ 2014ರಲ್ಲಿ ಎಫ್‌ಸಿ ಗೋವಾ ಶುರುವಾದಾಗ ಅದರ ಪಾಲುದಾರರಾಗಿದ್ದರು. ಅಂದರೆ ಹಳೆಯ ಕ್ಲಬ್ಬುಗಳನ್ನು ನುಂಗಿದ ಲೀಗ್‌ಗೆ ಅಡಿಪಾಯ ಹಾಕಿದವರಲ್ಲಿ ಅವರೂ ಇದ್ದರು. ಎರಡೂ ಮಾತಿನಲ್ಲಿ ಸತ್ಯವಿದೆ, ಆದರೆ ಎರಡನೆಯದನ್ನು ಗೋವಾದ ಮಂದಿ ಮೆಲ್ಲಗೆ ಹೇಳುತ್ತಾರೆ.

ಖಾಲಿಯಾದ ಜಾಗಕ್ಕೆ 2016–17ರಲ್ಲಿ ಚರ್ಚಿಲ್ ಬ್ರದರ್ಸ್ ಅನ್ನು ಮತ್ತೆ ಸೇರಿಸಿಕೊಂಡರು. ಎರಡು ವರ್ಷ ಹಿಂದೆ ಹೊರಗಿಟ್ಟ ಕ್ಲಬ್ಬು ಈಗ ಐ-ಲೀಗ್‌ನಲ್ಲಿ ಗೋವಾದ ಏಕೈಕ ಪ್ರತಿನಿಧಿ. ಮೈದಾನದಲ್ಲಿ ಏನನ್ನೂ ಗೆದ್ದು ಬಂದದ್ದಲ್ಲ ಅದು.

2019ರಲ್ಲಿ ಏಷ್ಯಾ ಒಕ್ಕೂಟದ ಒತ್ತಾಯದಿಂದ ಬಡ್ತಿಯ ದಾರಿ ಮತ್ತೆ ತೆರೆಯುವ ನಕ್ಷೆ ಸಿದ್ಧವಾಯಿತು. 2016ರಲ್ಲಿ ಎದ್ದುಹೋದವರು ಕೇಳಿದ್ದು ಹೆಚ್ಚುಕಡಿಮೆ ಇದನ್ನೇ, ಸಿಕ್ಕಿದ್ದು ಅವರು ಹೋದ ಮೇಲೆ. ಡೆಂಪೊ ಕೆಳಗಿನಿಂದ ಮತ್ತೆ ಹತ್ತಿತು: 2023–24ರ ಐ-ಲೀಗ್ 2ರಲ್ಲಿ ಬೆಂಗಳೂರಿನ ಎಸ್‌ಸಿ ಬೆಂಗಳೂರು ಮೊದಲ ಸ್ಥಾನ, ಡೆಂಪೊ ಎರಡನೆಯದು, ಇಬ್ಬರಿಗೂ ಬಡ್ತಿ. ಮುಂದಿನ ಋತುವಿನಲ್ಲಿ ಎಂಟು ವರ್ಷಗಳ ನಂತರ ಗೋವಾದ ಎರಡು ಕ್ಲಬ್ಬುಗಳು ಒಂದೇ ರಾಷ್ಟ್ರೀಯ ಲೀಗ್‌ನಲ್ಲಿದ್ದವು. ಚರ್ಚಿಲ್ ಆ ಋತುವಿನ ತವರು ಪಂದ್ಯಗಳನ್ನು ಫಾತೋರ್ಡಾದ ದೊಡ್ಡ ಕ್ರೀಡಾಂಗಣ ಬಿಟ್ಟು ರಾಯ್‌ನ ಪಂಚಾಯಿತಿ ಮೈದಾನದಲ್ಲಿ ಆಡಿತು. ಸಾಲ್ಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಮಾತ್ರ ಐ-ಲೀಗ್‌ಗೆ ಮರಳಲಿಲ್ಲ.